ಹಳೆಯ ಎಂಜಿನ್ನಿನ ಕಳ್ಳಗಾಳಿ: ಸ್ಕ್ರೂ ತಿರುಗಿಸುವ ಮುನ್ನ

ತಾಳಗುಪ್ಪದಿಂದ ಹಿಡಿದು ಸಾಗರ, ಹೊಸನಗರ, ತೀರ್ಥಹಳ್ಳಿಗಳವರೆಗಿನ ಊರುಗಳಲ್ಲಿ ತೋಟ, ಪೇಟೆ, ಆಸ್ಪತ್ರೆಗಳ ನಡುವೆ ಇಂದಿಗೂ ಓಡಾಡುತ್ತಿರುವ ಹಳೆಯ ಮಾರುತಿ 800, ಓಮ್ನಿ, ಜಿಪ್ಸಿ, ಅಂಬಾಸಡರ್ ಗಾಡಿಗಳ ಮಾಲೀಕರು ಮಳೆಗಾಲ ಮುಗಿಯುತ್ತಿದ್ದಂತೆ ಕೇಳುವ ಪ್ರಶ್ನೆಗಳಲ್ಲಿ ಒಂದು ಮಾತ್ರ ವರ್ಷವೂ ತಪ್ಪದೆ ಬರುತ್ತದೆ. ಎಂಜಿನ್ ಸ್ಟಾರ್ಟ್ ಆಗುತ್ತದೆ, ವೇಗ ಹಿಡಿದ ಮೇಲೆ ಚೆನ್ನಾಗಿಯೇ ಓಡುತ್ತದೆ, ಆದರೆ ಆಕ್ಸಿಲರೇಟರಿನಿಂದ ಕಾಲು ತೆಗೆದ ಕೂಡಲೇ ನಡುಗತೊಡಗಿ ನಿಂತುಬಿಡುತ್ತದೆ; ಗ್ಯಾರೇಜಿನಲ್ಲಿ ಟ್ಯೂನಿಂಗ್ ಮಾಡಿಸಿದರೆ ಕೆಲವು ದಿನ ಸರಿಹೋಗಿ, ಮತ್ತೆ ಮೊದಲಿನಂತಾಗುತ್ತದೆ. ಕಾರ್ಬೊರೇಟರ್ ಬದಲಿಸಬೇಕೇ, ಎಂಜಿನ್ ಬಿಚ್ಚಿಸಬೇಕೇ, ಗಾಡಿಯನ್ನೇ ಮಾರಿಬಿಡಬೇಕೇ ಎಂಬ ಚಿಂತೆ ಮಾಲೀಕರನ್ನು ಕಾಡುತ್ತಿರುತ್ತದೆ. ಇಂಥ ಎಂಜಿನ್‌ಗಳಲ್ಲಿ ಗಮನಾರ್ಹ ಸಂಖ್ಯೆಯವುಗಳ ದೋಷ ಕಾರ್ಬೊರೇಟರಿನಲ್ಲೂ ಇರುವುದಿಲ್ಲ, ಎಂಜಿನ್ನಿನ ಒಳಗೂ ಇರುವುದಿಲ್ಲ. ಎಲ್ಲೋ ಬಿರುಕುಬಿಟ್ಟ ಬೆರಳು ಗಾತ್ರದ ಒಂದು ರಬ್ಬರ್ ಹೋಸ್‌ನಲ್ಲಿಯೋ, ಗಟ್ಟಿಯಾಗಿ ಕುಗ್ಗಿದ ಒಂದು ಪ್ಯಾಕಿಂಗ್‌ನಲ್ಲಿಯೋ ಇರುತ್ತದೆ. ಗ್ಯಾರೇಜಿನ ಮಾತಿನಲ್ಲಿ ಇದಕ್ಕೆ ‘ಏರ್ ಎಳೆಯುವುದು’ ಅಥವಾ ‘ವ್ಯಾಕ್ಯೂಮ್ ಲೀಕ್’ ಎನ್ನುತ್ತಾರೆ. ಎಂಜಿನ್ನಿನ ಲೆಕ್ಕಕ್ಕೆ ಸಿಗದೆ ಒಳನುಗ್ಗುವ ಈ ಗಾಳಿಯನ್ನು ಇಲ್ಲಿ ಕಳ್ಳಗಾಳಿ ಎಂದು ಕರೆಯಲಾಗಿದೆ.

ಪೆಟ್ರೋಲ್ ಎಂಜಿನ್ ಚಲಿಸುವಾಗ ಅದರ ಪಿಸ್ಟನ್‌ಗಳು ಕೆಳಗಿಳಿಯುತ್ತ ಗಾಳಿಯನ್ನು ಹೀರಿಕೊಳ್ಳುತ್ತವೆ; ಆ ಗಾಳಿ ಬರುವ ದಾರಿಯಲ್ಲಿ ಥ್ರಾಟಲ್ ಎಂಬ, ಆಕ್ಸಿಲರೇಟರಿಗೆ ಜೋಡಿಸಿದ ಒಂದು ತಟ್ಟೆ ಇರುತ್ತದೆ. ಕಾಲು ತೆಗೆದಾಗ ಆ ತಟ್ಟೆ ಬಹುತೇಕ ಮುಚ್ಚಿಕೊಳ್ಳುವುದರಿಂದ, ಪಿಸ್ಟನ್‌ಗಳು ಎಳೆಯುತ್ತಲೇ ಇದ್ದರೂ ಗಾಳಿ ಸಾಕಷ್ಟು ಬರದೆ, ತಟ್ಟೆಗೂ ಸಿಲಿಂಡರುಗಳಿಗೂ ನಡುವೆ ಇರುವ ಇನ್‌ಟೇಕ್ ಮ್ಯಾನಿಫೋಲ್ಡ್ ಎಂಬ ಕವಲುಕೊಳವೆಯಲ್ಲಿ ಒತ್ತಡ ಹೊರಗಿನದರ ಮೂರನೇ ಒಂದು ಭಾಗದಷ್ಟಕ್ಕೆ ಇಳಿದುಬಿಡುತ್ತದೆ. ಈ ಕಡಿಮೆ ಒತ್ತಡವೇ ಎಂಜಿನ್ನಿನ ವ್ಯಾಕ್ಯೂಮ್, ಅಂದರೆ ಭಾಗಶಃ ನಿರ್ವಾತ. ಹಳೆಯ ಗಾಡಿಗಳನ್ನು ರೂಪಿಸಿದವರು ಇದನ್ನು ವ್ಯರ್ಥವಾಗಲು ಬಿಡದೆ ಹಲವು ಕೆಲಸಗಳಿಗೆ ಹಚ್ಚಿದ್ದಾರೆ. ಬ್ರೇಕಿನ ಬೂಸ್ಟರನ್ನು ನಡೆಸುವುದು, ಡಿಸ್ಟ್ರಿಬ್ಯೂಟರಿನಲ್ಲಿ ಕಿಡಿಯ ಸಮಯವನ್ನು ಮುಂದಕ್ಕೆ ತರುವುದು, ಎಂಜಿನ್ನಿನ ತಳದಲ್ಲಿ ಸೇರುವ ಎಣ್ಣೆಹೊಗೆಯನ್ನು ಪಿಸಿವಿ ಎಂಬ ಕವಾಟದ ಮೂಲಕ ಮರಳಿ ಎಳೆದು ಸುಡುವುದು, ಇವೆಲ್ಲವೂ ರಬ್ಬರ್ ಹೋಸ್‌ಗಳ ಮೂಲಕವೇ ನಡೆಯುತ್ತವೆ. ಆದ್ದರಿಂದಲೇ ಹಳೆಯ ಗಾಡಿಯ ಬಾನೆಟ್ ಎತ್ತಿದರೆ ಅಷ್ಟೊಂದು ಸಣ್ಣ ಕೊಳವೆಗಳು ಕಾಣುತ್ತವೆ, ಮತ್ತು ಅವುಗಳಲ್ಲಿ ಪ್ರತಿಯೊಂದೂ ಕಳ್ಳಗಾಳಿಗೆ ಬಾಗಿಲಾಗಬಲ್ಲದು.

ಅಷ್ಟು ಸಣ್ಣ ಬಿರುಕು ಇಷ್ಟು ದೊಡ್ಡ ತೊಂದರೆ ಕೊಡುವುದು ಹೇಗೆ ಎಂಬುದನ್ನು ಒಂದು ಒರಟು ಲೆಕ್ಕದಿಂದ ತಿಳಿಯಬಹುದು. 1983ರ ಡಿಸೆಂಬರಿನಲ್ಲಿ ಮಾರುಕಟ್ಟೆಗೆ ಬಂದ ಮಾರುತಿ 800 ಕಾರಿನದೂ ಅದರ ಬೆನ್ನಿಗೇ ಬಂದ ಓಮ್ನಿ ವ್ಯಾನಿನದೂ ಎಂಜಿನ್ 796 ಸಿಸಿ ಸಾಮರ್ಥ್ಯದ್ದು, ಮೂರು ಸಿಲಿಂಡರಿನದು. ಐಡಲಿಂಗ್‌ನಲ್ಲಿ, ಅಂದರೆ ಗಾಡಿ ನಿಂತಿದ್ದು ಎಂಜಿನ್ ಮಾತ್ರ ನಿಮಿಷಕ್ಕೆ 850 ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತಿರುವಾಗ, ಎರಡು ಸುತ್ತಿಗೊಮ್ಮೆ 796 ಸಿಸಿ ಹೀರಿಕೊಂಡರೂ, ಆ ಗಾಳಿ ಮೂರನೇ ಒಂದು ಭಾಗದಷ್ಟು ಮಾತ್ರ ಸಾಂದ್ರವಾಗಿರುವುದರಿಂದ, ಹೊರಗಿನ ಗಾಳಿಯ ಲೆಕ್ಕದಲ್ಲಿ ಅದು ನಿಮಿಷಕ್ಕೆ ಸುಮಾರು 115 ಲೀಟರ್ ಮಾತ್ರ ಆಗುತ್ತದೆ. 2 ಮಿ.ಮೀ. ವ್ಯಾಸದ ಒಂದು ತೂತಿನ ಮೂಲಕ ಅದೇ ನಿಮಿಷದಲ್ಲಿ ಒಳನುಗ್ಗಬಲ್ಲ ಗಾಳಿಯಾದರೋ ಸುಮಾರು 25 ಲೀಟರ್. ಎಂಜಿನ್ನಿಗೆ ಬೇಕಾದ ಗಾಳಿಯ ಐದನೇ ಒಂದು ಭಾಗಕ್ಕಿಂತ ಹೆಚ್ಚು ಹೀಗೆ ಪೆಟ್ರೋಲಿನ ಸಂಗಡವಿಲ್ಲದೆ ಬಂದು ಬೆರೆತರೆ, ತೂಕದಲ್ಲಿ 14 ಪಾಲು ಗಾಳಿಗೆ 1 ಪಾಲು ಪೆಟ್ರೋಲ್ ಇದ್ದ ಮಿಶ್ರಣ 17 ಪಾಲಿಗೆ ಒಂದರಂತಾಗಿ ತೆಳುವಾಗುತ್ತದೆ, ಮತ್ತು ಐಡಲಿಂಗ್‌ನಲ್ಲಿ ಅಂಥ ಮಿಶ್ರಣ ಪ್ರತಿಸಲವೂ ಸರಿಯಾಗಿ ಹೊತ್ತಿಕೊಳ್ಳುವುದಿಲ್ಲ. ಅದೇ ಗಾಡಿ ರಸ್ತೆಯಲ್ಲಿ 4000 ಸುತ್ತಿನಲ್ಲಿ ಓಡುವಾಗ ಎಂಜಿನ್ನಿಗೆ ನಿಮಿಷಕ್ಕೆ ಸಾವಿರ ಲೀಟರಿಗೂ ಹೆಚ್ಚು ಗಾಳಿ ಬೇಕು, ಥ್ರಾಟಲ್ ತೆರೆದಿರುವುದರಿಂದ ತೂತಿನ ಎಳೆತವೂ ಕಡಿಮೆಯಾಗಿರುತ್ತದೆ. ಆಗ ಕಳ್ಳಗಾಳಿಯ ಪಾಲು ಶೇ. 2ರಷ್ಟಕ್ಕೆ ಇಳಿದು ಚಾಲಕನ ಗಮನಕ್ಕೇ ಬರುವುದಿಲ್ಲ. ನಿಂತಲ್ಲಿ ನಡುಕ, ಓಟದಲ್ಲಿ ಸುಖ ಎಂಬ ಈ ಲಕ್ಷಣವೇ ಕಳ್ಳಗಾಳಿಯ ಮೊದಲ ಗುರುತು.

ಆದರೆ ಎಲ್ಲ ಗಾಡಿಗಳೂ ಒಂದೇ ಬಗೆಯಲ್ಲಿ ದೂರುವುದಿಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ, ಏಕೆಂದರೆ ಎಷ್ಟೋ ತಪ್ಪು ದುರಸ್ತಿಗಳು ಹುಟ್ಟುವುದು ಇಲ್ಲಿಯೇ. ಕಾರ್ಬೊರೇಟರ್ ಇರುವ ಗಾಡಿಯಲ್ಲಿ ಪೆಟ್ರೋಲಿನ ಪ್ರಮಾಣ ಕಾರ್ಬೊರೇಟರಿನ ಮೂಲಕ ಹಾದ ಗಾಳಿಯನ್ನು ಮಾತ್ರ ಅನುಸರಿಸುವುದರಿಂದ, ಬೇರೆ ದಾರಿಯಲ್ಲಿ ಬಂದ ಗಾಳಿ ಮಿಶ್ರಣವನ್ನು ನೇರವಾಗಿ ತೆಳುವಾಗಿಸುತ್ತದೆ. ಎಂಜಿನ್ ನಡುಗುತ್ತದೆ, ಮಿಸ್ಸಿಂಗ್ ಹೊಡೆಯುತ್ತದೆ, ಕೊನೆಗೆ ನಿಲ್ಲುತ್ತದೆ. 2000ದ ಆಸುಪಾಸಿನಲ್ಲಿ ಬಳಕೆಗೆ ಬಂದ ಎಂಪಿಎಫ್‌ಐ ಗಾಡಿಗಳಲ್ಲಿ, ಅಂದರೆ ಪ್ರತಿ ಸಿಲಿಂಡರಿಗೂ ಪ್ರತ್ಯೇಕ ಇಂಜೆಕ್ಟರ್ ಇದ್ದು ಕಂಪ್ಯೂಟರ್ ಪೆಟ್ರೋಲ್ ಅಳೆದು ಕೊಡುವ ಗಾಡಿಗಳಲ್ಲಿ, ಕತೆ ಬೇರೆ. ಮಾರುತಿಯ ಸಣ್ಣ ಎಂಜಿನ್‌ಗಳಲ್ಲಿರುವಂತೆ ಮ್ಯಾನಿಫೋಲ್ಡಿನ ಒತ್ತಡವನ್ನು ಅಳೆಯುವ ಸಂವೇದಕವಿದ್ದರೆ, ಕಳ್ಳಗಾಳಿ ಬಂದು ಒತ್ತಡ ಏರಿದೊಡನೆ ಕಂಪ್ಯೂಟರ್ ಅದಕ್ಕೆ ತಕ್ಕಷ್ಟು ಪೆಟ್ರೋಲನ್ನೂ ಹೆಚ್ಚಿಸುತ್ತದೆ. ಎಂಜಿನ್ ನಿಲ್ಲುವ ಬದಲು ಕಾಲು ತೆಗೆದರೂ 1300, 1500 ಸುತ್ತಿನಲ್ಲಿ ಜೋರಾಗಿ ತಿರುಗುತ್ತಲೇ ಇರುತ್ತದೆ, ಅಥವಾ ಏರುತ್ತ ಇಳಿಯುತ್ತ ಓಲಾಡುತ್ತದೆ. ಹೀಗೆ ಕಾರ್ಬೊರೇಟರ್ ಗಾಡಿಯವರು ‘ಐಡಲಿಂಗ್ ನಿಲ್ಲುವುದಿಲ್ಲ’ ಎಂದು ದೂರಿದರೆ, ಎಂಪಿಎಫ್‌ಐ ಗಾಡಿಯವರು ‘ಐಡಲಿಂಗ್ ಇಳಿಯುವುದಿಲ್ಲ’ ಎಂದು ದೂರುತ್ತಾರೆ. ದೋಷ ಮಾತ್ರ ಒಂದೇ ಆಗಿರುವ ಸಾಧ್ಯತೆ ಹೆಚ್ಚು.

ಇತ್ತೀಚಿನ ವರ್ಷಗಳಲ್ಲಿ ಇದಕ್ಕೆ ಇನ್ನೊಂದು ಕಾರಣ ಸೇರಿಕೊಂಡಿದೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಪಡೆದ, ಶೇ. 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್ ಈಗ ಬಂಕುಗಳಲ್ಲಿ ಸಾಮಾನ್ಯವಾಗಿದೆ. ಪೆಟ್ರೋಲ್ ಪೂರ್ತಿಯಾಗಿ ಉರಿಯಲು 14.7 ಪಾಲು ಗಾಳಿ ಬೇಕಾದರೆ ಎಥನಾಲಿಗೆ 9 ಪಾಲು ಸಾಕು. ಎರಡರ ಈ ಮಿಶ್ರಣಕ್ಕೆ ಸುಮಾರು 13.5 ಪಾಲು. ಶುದ್ಧ ಪೆಟ್ರೋಲಿಗೆಂದು ಜೆಟ್ ಕೊರೆದ ಹಳೆಯ ಕಾರ್ಬೊರೇಟರ್ ಇದನ್ನು ಅರಿಯದೆ ಹಿಂದಿನಷ್ಟೇ ಇಂಧನ ಕೊಡುವುದರಿಂದ ಮಿಶ್ರಣ ಶೇ. 7–8ರಷ್ಟು ಮೊದಲೇ ತೆಳುವಾಗಿರುತ್ತದೆ, ಅದರ ಮೇಲೆ ಹಿಂದೆ ಲೆಕ್ಕಕ್ಕೆ ಬಾರದಿದ್ದ ಸಣ್ಣ ಬಿರುಕೊಂದು ಸೇರಿದರೂ ಎಂಜಿನ್ ಸಹಿಸುವ ಮಿತಿ ಮೀರುತ್ತದೆ. ಎಥನಾಲಿಗೆಂದು ರೂಪಿಸದ ಹಳೆಯ ರಬ್ಬರ್ ಅದರ ಸಂಪರ್ಕದಲ್ಲಿ ಊದಿ, ಮೆತ್ತಗಾಗಿ, ಒಣಗಿದಾಗ ಸೀಳುವುದೂ ಉಂಟು. ಎಥನಾಲನ್ನು ದೂರುವ ಮೊದಲು ಹೋಸ್‌ಗಳನ್ನು ನೋಡಬೇಕು ಎಂಬುದೇ ಇಲ್ಲಿನ ನಿಲುವು. ಇಂಧನವನ್ನು ಆರಿಸಿಕೊಳ್ಳುವುದು ಮಾಲೀಕನ ಕೈಯಲ್ಲಿಲ್ಲ, ಹೋಸ್ ಬದಲಿಸುವುದು ಇದೆ.

ಮಲೆನಾಡಿನ ಹವೆಯೂ ರಬ್ಬರಿಗೆ ಹಿತವಾದುದಲ್ಲ. ಆಗುಂಬೆ, ಹುಲಿಕಲ್‌ನಂಥ ರಾಜ್ಯದ ಅತಿ ಹೆಚ್ಚು ಮಳೆಯ ಜಾಗಗಳು ಇದೇ ಭಾಗದಲ್ಲಿವೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಕ್ಲಿಪ್ಪುಗಳಿಗೆ ತುಕ್ಕು ಹಿಡಿದು ಬಿಗಿ ತಪ್ಪುತ್ತದೆ, ಆಮೇಲಿನ ಬಿಸಿಲಿಗೂ ಎಂಜಿನ್ನಿನ ಕಾವಿಗೂ ರಬ್ಬರ್ ಗಟ್ಟಿಯಾಗಿ ತುದಿಗಳಲ್ಲಿ ಸೀಳುತ್ತದೆ. ಮಳೆಗಾಲದುದ್ದಕ್ಕೂ ಕೊಟ್ಟಿಗೆಯ ಪಕ್ಕದ ಮಾಡಿನಡಿಯಲ್ಲಿ ನಿಂತು, ಅಡಿಕೆ ಕೊನೆಕೊಯ್ಲಿನ ಹೊತ್ತಿಗೆ ಹೊರಬೀಳುವ ಓಮ್ನಿಗಳಲ್ಲಿ ಇನ್ನೊಂದು ಶತ್ರುವಿನ ಕುರುಹು ಕಾಣುತ್ತದೆ: ಬೆಚ್ಚನೆಯ, ಒಣಗಿದ, ಯಾರೂ ಮುಟ್ಟದ ಎಂಜಿನ್ ಕೋಣೆ ಇಲಿಗೂ ಅಳಿಲಿಗೂ ಒಳ್ಳೆಯ ಗೂಡು, ಹೋಸ್‌ಗಳು ಅವುಗಳ ಹಲ್ಲಿಗೆ ಸುಲಭದ ತುತ್ತು. ತೆಂಗಿನ ನಾರು, ಅಡಿಕೆ ಸಿಪ್ಪೆ, ಹಿಕ್ಕೆಗಳು ಮ್ಯಾನಿಫೋಲ್ಡಿನ ಬಳಿ ಕಂಡರೆ ಅಲ್ಲಿನ ಪ್ರತಿಯೊಂದು ಹೋಸ್‌ನ ಅಡಿಭಾಗವನ್ನೂ ಬೆರಳಿನಿಂದ ಸವರಿ ನೋಡಬೇಕು, ಏಕೆಂದರೆ ಕಡಿತದ ಗಾಯ ಮೇಲಿನಿಂದ ಕಾಣುವುದು ಅಪರೂಪ.

ಐಡಲಿಂಗ್ ತೊಂದರೆಯನ್ನು ಒಂದು ಕಿರಿಕಿರಿಯೆಂದಷ್ಟೇ ಭಾವಿಸಿ ಸಹಿಸಿಕೊಳ್ಳುವವರು ಬಹಳ. ಅವರು ಗಮನಿಸಬೇಕಾದುದು ಬ್ರೇಕನ್ನು. ಬ್ರೇಕ್ ಬೂಸ್ಟರ್ ಎಂಬುದು ಪೆಡಲಿಗೂ ಮಾಸ್ಟರ್ ಸಿಲಿಂಡರಿಗೂ ನಡುವೆ ಇರುವ ದುಂಡನೆಯ ತಗಡಿನ ಡಬ್ಬಿ; ಅದರೊಳಗೆ ಒಂದು ರಬ್ಬರ್ ಪೊರೆ ಇದ್ದು, ಅದರ ಎರಡೂ ಬದಿಯಲ್ಲಿ ಮ್ಯಾನಿಫೋಲ್ಡಿನಿಂದ ಬಂದ ವ್ಯಾಕ್ಯೂಮ್ ಇರುತ್ತದೆ, ಪೆಡಲ್ ಒತ್ತಿದಾಗ ಒಂದು ಬದಿಗೆ ಮಾತ್ರ ಹೊರಗಿನ ಗಾಳಿಯನ್ನು ಬಿಡಲಾಗುತ್ತದೆ, ಆಗ ಒತ್ತಡದ ವ್ಯತ್ಯಾಸವೇ ಪೊರೆಯನ್ನು ಮುಂದಕ್ಕೆ ತಳ್ಳಿ ಕಾಲಿನ ಬಲಕ್ಕೆ ಬಲ ಕೂಡಿಸುತ್ತದೆ. 7 ಅಂಗುಲ ವ್ಯಾಸದ ಪೊರೆಯ ಮೇಲೆ 16 ಅಂಗುಲ ಪಾದರಸದಷ್ಟು ವ್ಯಾಕ್ಯೂಮ್ ಇದ್ದರೆ ಆ ಒತ್ತಾಸೆ ಸುಮಾರು 135 ಕಿಲೋ ತೂಕಕ್ಕೆ ಸಮ. ಬೂಸ್ಟರಿನ ಹೋಸ್ ಸೀಳಿದರೆ ಎಂಜಿನ್ ನಡುಗುವುದರ ಜೊತೆಗೆ ಈ ಒತ್ತಾಸೆಯೂ ಕುಂದುತ್ತದೆ ಅಥವಾ ಇಲ್ಲವಾಗುತ್ತದೆ; ಬ್ರೇಕ್ ಪೂರ್ತಿ ಹೋಗುವುದಿಲ್ಲವಾದರೂ ಪೆಡಲ್ ಕಲ್ಲಿನಂತೆ ಗಟ್ಟಿಯಾಗಿ, ಗಾಡಿ ನಿಲ್ಲಲು ಹೆಚ್ಚು ದೂರ ಹಿಡಿಯುತ್ತದೆ. ಸಪಾಟು ರಸ್ತೆಯಲ್ಲಿ ಇದು ಹೇಗೋ ನಿಭಾಯಿಸಬಹುದಾದ ಸಂಗತಿ. ತಾಳಗುಪ್ಪದಿಂದ ಜೋಗ, ಮಾವಿನಗುಂಡಿ ದಾಟಿ ಗೇರುಸೊಪ್ಪೆಗೆ ಇಳಿಯುವ ಹೆದ್ದಾರಿಯಲ್ಲಿ, ಹೊಸನಗರದ ಕಡೆಯಿಂದ ಹುಲಿಕಲ್ ಘಾಟಿಯಲ್ಲಿ, ತೀರ್ಥಹಳ್ಳಿಯ ಕಡೆಯಿಂದ ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ ಸೋಮೇಶ್ವರಕ್ಕೆ ಇಳಿಯುವಾಗ ಅದು ಹಾಗಲ್ಲ.

ತಾಳಗುಪ್ಪದವರಿಗೆ ನಿರ್ವಾತದ ಬ್ರೇಕ್ ಅಪರಿಚಿತವೇನಲ್ಲ. ಶಿವಮೊಗ್ಗ–ತಾಳಗುಪ್ಪ ಮಾರ್ಗ ಮೀಟರ್ ಗೇಜಿನಲ್ಲಿದ್ದ ಕಾಲದಲ್ಲಿ ದೇಶದ ಮೀಟರ್ ಗೇಜ್ ರೈಲುಗಳು ಬಹುಮಟ್ಟಿಗೆ ನಿರ್ವಾತ ಬ್ರೇಕನ್ನೇ ನೆಚ್ಚಿಕೊಂಡಿದ್ದವು. ಆದರೆ ಎರಡರ ತತ್ತ್ವದಲ್ಲಿ ಒಂದು ಮುಖ್ಯ ಭೇದವಿದೆ. ರೈಲಿನಲ್ಲಿ ಉದ್ದಕ್ಕೂ ಹರಿದ ಕೊಳವೆಯ ನಿರ್ವಾತವು ಬ್ರೇಕನ್ನು ಬಿಡಿಸಿ ಹಿಡಿದಿರುತ್ತದೆ. ಕೊಳವೆ ಎಲ್ಲಿಯಾದರೂ ಕಿತ್ತುಹೋಗಿ ಗಾಳಿ ನುಗ್ಗಿದರೆ ಬ್ರೇಕ್ ತಾನಾಗಿ ಬಿದ್ದು ರೈಲು ನಿಲ್ಲುತ್ತದೆ, ಸರಪಳಿ ಎಳೆದಾಗ ಆಗುವುದೂ ಅದೇ. ಕಾರಿನಲ್ಲಿ ನಿರ್ವಾತವು ಬ್ರೇಕಿಗೆ ಸಹಾಯ ಮಾಡುತ್ತದೆ. ಗಾಳಿ ನುಗ್ಗಿದರೆ ಸಹಾಯ ತಪ್ಪುತ್ತದೆ, ಗಾಡಿ ತಾನಾಗಿ ನಿಲ್ಲುವುದಿಲ್ಲ. ರೈಲಿನ ಸೋರಿಕೆ ತನ್ನನ್ನು ತಾನೇ ಸಾರಿಕೊಳ್ಳುತ್ತದೆ, ಕಾರಿನ ಸೋರಿಕೆಯನ್ನು ಹುಡುಕಿಕೊಂಡೇ ಹೋಗಬೇಕು. ಇದೇ ಕಾರಣದಿಂದ, ಪೆಟ್ರೋಲ್ ಉಳಿಸುವ ಆಸೆಗೆ ಘಾಟಿಯ ಇಳಿಜಾರಿನಲ್ಲಿ ಎಂಜಿನ್ ಆರಿಸಿ ನ್ಯೂಟ್ರಲ್‌ನಲ್ಲಿ ಗಾಡಿ ಬಿಡುವ ಅಭ್ಯಾಸವನ್ನು ಎಷ್ಟು ಖಂಡಿಸಿದರೂ ಕಡಿಮೆಯೇ: ಎಂಜಿನ್ ನಿಂತ ಮೇಲೆ ಬೂಸ್ಟರಿನಲ್ಲಿ ಉಳಿಯುವುದು ಎರಡು ಮೂರು ಸಲ ಪೆಡಲ್ ಒತ್ತುವಷ್ಟು ವ್ಯಾಕ್ಯೂಮ್ ಮಾತ್ರ, ಸೋರುವ ಹೋಸ್ ಇದ್ದರೆ ಅದೂ ಇರುವುದಿಲ್ಲ. ಗೇರಿನಲ್ಲಿಯೇ ಇಳಿಯುವ ಎಂಜಿನ್ ಮುಚ್ಚಿದ ಥ್ರಾಟಲಿನ ಹಿಂದೆ ತನ್ನ ಅತ್ಯಧಿಕ ವ್ಯಾಕ್ಯೂಮನ್ನು ಕೊಡುತ್ತದೆ, ಗಾಡಿಯನ್ನು ತಾನೇ ತಡೆದೂ ಹಿಡಿಯುತ್ತದೆ. ಡೀಸೆಲ್ ಜೀಪುಗಳ ವಿಷಯ ಬೇರೆ. ಹಳೆಯ ಡೀಸೆಲ್ ಎಂಜಿನ್ನಿಗೆ ಸಾಮಾನ್ಯವಾಗಿ ಥ್ರಾಟಲ್ ತಟ್ಟೆಯೇ ಇಲ್ಲದುದರಿಂದ ಅಲ್ಲಿ ಬೂಸ್ಟರಿಗೆ ಪ್ರತ್ಯೇಕ ವ್ಯಾಕ್ಯೂಮ್ ಪಂಪು ಇರುತ್ತದೆ, ಅನೇಕ ಗಾಡಿಗಳಲ್ಲಿ ಆಲ್ಟರ್ನೇಟರಿನ ಬೆನ್ನಿಗೆ. ಅದರ ಹೋಸ್ ಸೋರಿದರೆ ಐಡಲಿಂಗ್ ಕೆಡದೆ ಬ್ರೇಕ್ ಮಾತ್ರ ಗಟ್ಟಿಯಾಗುವುದರಿಂದ, ಮುನ್ಸೂಚನೆಯೂ ಸಿಗುವುದಿಲ್ಲ.

ಇನ್ನು ಹುಡುಕುವ ಕ್ರಮ. ಮೊದಲನೆಯ ಮತ್ತು ಮುರಿಯಬಾರದ ನಿಯಮವೆಂದರೆ ಕಾರ್ಬೊರೇಟರಿನ ಐಡಲಿಂಗ್ ಸ್ಕ್ರೂವನ್ನಾಗಲಿ ಮಿಶ್ರಣದ ಸ್ಕ್ರೂವನ್ನಾಗಲಿ ಮುಟ್ಟದಿರುವುದು. ಸ್ಕ್ರೂ ತಿರುಗಿಸಿ ಥ್ರಾಟಲನ್ನು ತುಸು ಹೆಚ್ಚು ತೆರೆದು, ಪೆಟ್ರೋಲನ್ನು ತುಸು ಹೆಚ್ಚಿಸಿದರೆ ನಡುಕ ಅಡಗುವುದು ನಿಜ. ಆದರೆ ತೂತು ಅಲ್ಲಿಯೇ ಇದ್ದು ದಿನೇದಿನೇ ಹಿಗ್ಗುತ್ತದೆ, ಮೈಲೇಜ್ ಬೀಳುತ್ತದೆ, ಮುಂದೊಂದು ದಿನ ತೂತು ಮುಚ್ಚಿದರೂ ಸ್ಕ್ರೂಗಳು ತಪ್ಪು ಜಾಗದಲ್ಲಿರುವುದರಿಂದ ಎಂಜಿನ್ ಸರಿಯಾಗುವುದಿಲ್ಲ. ಎರಡು ವಾರಕ್ಕೊಮ್ಮೆ ಟ್ಯೂನಿಂಗ್ ಬೇಡುವ ಗಾಡಿ ಟ್ಯೂನಿಂಗ್ ಬೇಡುತ್ತಿಲ್ಲ.

ಎಂಜಿನ್ ಆರಿಸಿ, ಹಗಲು ಬೆಳಕಿನಲ್ಲಿ, ಮ್ಯಾನಿಫೋಲ್ಡಿನಿಂದ ಹೊರಟ ಪ್ರತಿಯೊಂದು ಹೋಸ್‌ನ ಎರಡೂ ತುದಿಗಳನ್ನು ಹಿಡಿದು ಬಗ್ಗಿಸಿ ನೋಡುವುದರಿಂದಲೇ ಅನೇಕ ಸೋರಿಕೆಗಳು ಸಿಕ್ಕಿಬೀಳುತ್ತವೆ. ಬಗ್ಗಿಸಿದಾಗ ಮೇಲ್ಮೈಯಲ್ಲಿ ಬಿರುಕುಗಳ ಜಾಲ ತೆರೆದುಕೊಂಡರೆ ಆ ಹೋಸ್ ಮುಗಿಯಿತೆಂದೇ ಅರ್ಥ. ಬಳಕೆಯಿಲ್ಲದ ನಳಿಗೆಗಳ ಬಾಯಿಗೆ ಹಾಕಿದ ಸಣ್ಣ ರಬ್ಬರ್ ಟೋಪಿಗಳನ್ನು ಹೆಚ್ಚಿನವರು ಮರೆಯುತ್ತಾರೆ. ಅವು ಒಣಗಿ ಉದುರಿಹೋಗಿರುವುದು ಹಳೆಯ ಗಾಡಿಗಳಲ್ಲಿ ಸಾಮಾನ್ಯ. ಅನಂತರ ಎಂಜಿನ್ ನಡೆಸಿ, ಒಂದು ಮೊಳ ಉದ್ದದ ರಬ್ಬರ್ ಕೊಳವೆಯ ಒಂದು ತುದಿಯನ್ನು ಕಿವಿಗೆ ಹಿಡಿದು ಇನ್ನೊಂದನ್ನು ಸಂದುಗಳ ಬಳಿ ಸರಿಸುತ್ತ ಹೋದರೆ ಬುಸುಗುಟ್ಟುವ ಸದ್ದು ಎಲ್ಲಿಂದ ಬರುತ್ತಿದೆ ಎಂದು ತಿಳಿಯುತ್ತದೆ, ಫ್ಯಾನು ಮತ್ತು ಬೆಲ್ಟುಗಳಿಂದ ಕೈಯನ್ನೂ ಬಟ್ಟೆಯನ್ನೂ ದೂರವಿಟ್ಟುಕೊಂಡು. ಸದ್ದು ಸಿಗದಿದ್ದರೆ ಹೋಸ್‌ಗಳನ್ನು ಒಂದೊಂದಾಗಿ, ಬಟ್ಟೆ ಸುತ್ತಿದ ಇಕ್ಕಳದಿಂದ ಮ್ಯಾನಿಫೋಲ್ಡಿನ ಹತ್ತಿರ ಮೆಲ್ಲಗೆ ಅದುಮಿ ನೋಡಬೇಕು. ಯಾವುದನ್ನು ಅದುಮಿದಾಗ ಎಂಜಿನ್ನಿನ ಸದ್ದು ಸ್ಪಷ್ಟವಾಗಿ ಬದಲಾಗುತ್ತದೋ ಅದರ ದಾರಿಯನ್ನು ಕೊನೆಯವರೆಗೂ ಅನುಸರಿಸಬೇಕು. ಪಿಸಿವಿ ಹೋಸ್ ಅದುಮಿದಾಗ ಸದ್ದು ತುಸು ಬದಲಾಗುವುದು ಸಹಜ, ಅದು ದೋಷವಲ್ಲ. ಬೂಸ್ಟರಿನ ಹೋಸ್ ಅದುಮಿದಾಗ ಎಂಜಿನ್ ಸುಧಾರಿಸಿದರೆ ಹೋಸ್, ಅದರಲ್ಲಿನ ಏಕಮುಖ ಕವಾಟ ಅಥವಾ ಬೂಸ್ಟರಿನ ಪೊರೆ, ಈ ಮೂರರಲ್ಲಿ ಒಂದು ಕೆಟ್ಟಿದೆ. ಬ್ರೇಕ್ ಒತ್ತಿದಾಗ ಮಾತ್ರ ಐಡಲಿಂಗ್ ಕೆಟ್ಟು, ಪೆಡಲಿನ ಬುಡದಲ್ಲಿ ಬುಸ್ ಎಂಬ ಸದ್ದು ನಿಲ್ಲದೆ ಬರುತ್ತಿದ್ದರೆ ಪೊರೆಯ ಮೇಲೆಯೇ ಸಂಶಯ ಹೋಗಬೇಕು.

ಹೋಸ್‌ಗಳೆಲ್ಲ ಸರಿಯಿದ್ದರೆ ಉಳಿಯುವುದು ಪ್ಯಾಕಿಂಗ್‌ಗಳು, ಅಂದರೆ ಎರಡು ಲೋಹದ ಮುಖಗಳ ನಡುವೆ ಗಾಳಿ ನುಸುಳದಂತೆ ಇಡುವ ಗ್ಯಾಸ್ಕೆಟ್‌ಗಳು: ಕಾರ್ಬೊರೇಟರಿನ ಅಡಿಯ ದಪ್ಪ ನಿರೋಧಕ ಫಲಕದ ಮೇಲೂ ಕೆಳಗೂ ಇರುವವು, ಮ್ಯಾನಿಫೋಲ್ಡಿಗೂ ಸಿಲಿಂಡರ್ ಹೆಡ್ಡಿಗೂ ನಡುವಿನದು, ಎಂಪಿಎಫ್‌ಐ ಗಾಡಿಯಲ್ಲಿ ಇಂಜೆಕ್ಟರುಗಳ ಬುಡದ ರಬ್ಬರ್ ಬಳೆಗಳು. ಇವುಗಳನ್ನು ಪತ್ತೆಹಚ್ಚಲು ಗ್ಯಾರೇಜುಗಳಲ್ಲಿ ಕಾರ್ಬೊರೇಟರ್ ತೊಳೆಯುವ ಸ್ಪ್ರೇಯನ್ನು, ಕೆಲವೆಡೆ ಸಿರಿಂಜಿನಲ್ಲಿ ಪೆಟ್ರೋಲನ್ನೇ, ಸಂದಿನ ಮೇಲೆ ಸಿಂಪಡಿಸುತ್ತಾರೆ; ತೂತಿನ ಮೂಲಕ ಒಳಹೋದ ಇಂಧನ ಮಿಶ್ರಣವನ್ನು ದಟ್ಟವಾಗಿಸುವುದರಿಂದ ಎಂಜಿನ್ ಒಂದು ಕ್ಷಣ ಚೇತರಿಸಿಕೊಳ್ಳುತ್ತದೆ. ವಿಧಾನ ಫಲಕಾರಿಯೇ ಆದರೂ, ಅನೇಕ ಎಂಜಿನ್‌ಗಳಲ್ಲಿ ಕೆಂಪಗೆ ಕಾಯಬಲ್ಲ ಎಕ್ಸಾಸ್ಟ್ ಕೊಳವೆ ಅದೇ ಬದಿಯಲ್ಲಿರುತ್ತದೆ, ಹಳೆಯ ಹೈಟೆನ್ಷನ್ ವೈರುಗಳು ಕಿಡಿ ಸೋರುತ್ತಿರುತ್ತವೆ. ತೆರೆದ ಪೆಟ್ರೋಲನ್ನು ಅಲ್ಲಿ ಚಿಮುಕಿಸುವುದು ಗಾಡಿಗೂ ಮನುಷ್ಯನಿಗೂ ಬೆಂಕಿಯನ್ನು ಆಹ್ವಾನಿಸಿದಂತೆ. ಮನೆಯಲ್ಲಿ ಪರೀಕ್ಷಿಸುವವರಿಗೆ ನೀರೇ ಸಾಕು: ಕೈಸ್ಪ್ರೇ ಬಾಟಲಿಯಿಂದ ಸಣ್ಣ ಧಾರೆಯನ್ನು ಸಂದಿನ ಮೇಲೆ, ಡಿಸ್ಟ್ರಿಬ್ಯೂಟರಿಗೂ ವೈರುಗಳಿಗೂ ತಾಗದಂತೆ ಬಿಟ್ಟರೆ, ಸೋರುವ ಜಾಗದಲ್ಲಿ ನೀರು ಕ್ಷಣಕಾಲ ತೂತನ್ನು ಮುಚ್ಚುವುದರಿಂದ ಬುಸುಗುಟ್ಟುವಿಕೆ ನಿಂತು ಎಂಜಿನ್ನಿನ ಲಯ ಬದಲಾಗುತ್ತದೆ. ಅಗರಬತ್ತಿಯ ಹೊಗೆ ಎತ್ತ ಸೆಳೆಯಲ್ಪಡುತ್ತದೆ ಎಂದು ನೋಡುವ ಉಪಾಯವನ್ನು ಕೆಲವರು ಹೇಳುವುದುಂಟು. ಉರಿಯುವ ಕೆಂಡವನ್ನು ಪೆಟ್ರೋಲ್ ಕೊಳವೆಗಳ ಬಳಿ ಒಯ್ಯುವ ಆ ಉಪಾಯವನ್ನು ಕೈಬಿಡುವುದೇ ಲೇಸು. ಇವೆಲ್ಲವುಗಳಿಗಿಂತ ಖಚಿತವಾದುದು ಹೊಗೆಯಂತ್ರ: ಎಂಜಿನ್ ಆರಿಸಿ, ಮ್ಯಾನಿಫೋಲ್ಡಿಗೆ ತೀರ ಕಡಿಮೆ ಒತ್ತಡದಲ್ಲಿ ಎಣ್ಣೆಹೊಗೆಯನ್ನು ತುಂಬಿದರೆ ಅದು ಎಲ್ಲಿಂದ ಹೊರಬರುತ್ತದೋ ಅದೇ ತೂತು. ಅಂಥ ಯಂತ್ರ ಸಾಮಾನ್ಯವಾಗಿ ದೊಡ್ಡ ಗ್ಯಾರೇಜುಗಳಲ್ಲಷ್ಟೇ ಇರುತ್ತದೆ. ಉಳಿದ ಯಾವುದೂ ಫಲಿಸದಾಗ ಅಲ್ಲಿಗೆ ಹೋದರೆ ಸಾಕು.

ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ ನೋಡುವುದು ಕಡಿಮೆ ಬಳಸಲ್ಪಡುವ, ಆದರೆ ಬಹಳ ಮಾತನಾಡುವ ಪರೀಕ್ಷೆ. ಮೂರು ಸಿಲಿಂಡರಿನ ಎಂಜಿನ್ನಿನಲ್ಲಿ ಮೂರೂ ಪ್ಲಗ್‌ಗಳ ತುದಿ ಬಿಳಿಚಿಕೊಂಡಿದ್ದರೆ ಕಳ್ಳಗಾಳಿ ಎಲ್ಲ ಸಿಲಿಂಡರುಗಳಿಗೂ ಸಮನಾಗಿ ಹೋಗುತ್ತಿದೆ, ಅಂದರೆ ತೂತು ಕಾರ್ಬೊರೇಟರಿನ ಬುಡದಲ್ಲಿಯೋ ಮ್ಯಾನಿಫೋಲ್ಡಿನ ನಡುಭಾಗದಲ್ಲಿಯೋ ಇದೆ. ಎರಡು ತಿಳಿಗಂದು ಬಣ್ಣಕ್ಕಿದ್ದು ಒಂದು ಮಾತ್ರ ಬಿಳಿಯಾಗಿದ್ದರೆ ಆ ಸಿಲಿಂಡರಿನ ಕವಲಿನ ಪ್ಯಾಕಿಂಗ್‌ನಲ್ಲಿಯೇ ಹುಡುಕಬೇಕು. ವ್ಯಾಕ್ಯೂಮ್ ಮೀಟರ್ ಇದ್ದವರು ಅದನ್ನು ಮ್ಯಾನಿಫೋಲ್ಡಿನ ಒಂದು ನಳಿಗೆಗೆ ಜೋಡಿಸಿ ಓದಬಹುದು, ಆದರೆ ಮಲೆನಾಡಿನಲ್ಲಿ ಒಂದು ತಿದ್ದುಪಡಿ ಅಗತ್ಯ. ಆರೋಗ್ಯವಂತ ಎಂಜಿನ್ ಐಡಲಿಂಗ್‌ನಲ್ಲಿ 17ರಿಂದ 21 ಅಂಗುಲ ಪಾದರಸ ತೋರಿಸಬೇಕೆಂದು ಕೈಪಿಡಿಗಳು ಹೇಳುವುದು ಸಮುದ್ರಮಟ್ಟದ ಲೆಕ್ಕದಲ್ಲಿ. ಪ್ರತಿ ಸಾವಿರ ಅಡಿ ಎತ್ತರಕ್ಕೆ ಸುಮಾರು ಒಂದು ಅಂಗುಲ ಕಡಿಮೆಯಾಗುತ್ತದೆ. ಸಾಗರ, ತಾಳಗುಪ್ಪಗಳು 600 ಮೀಟರ್, ಅಂದರೆ 2000 ಅಡಿ ಎತ್ತರದ ಆಸುಪಾಸಿನಲ್ಲಿರುವುದರಿಂದ, ಹೊನ್ನಾವರದಲ್ಲಿ 18 ತೋರಿಸಿದ ಎಂಜಿನ್ ಇಲ್ಲಿ 16 ತೋರಿಸಿದರೆ ಅದು ಕೆಟ್ಟಿಲ್ಲ, ಘಾಟಿ ಹತ್ತಿದೆ ಅಷ್ಟೆ. ಮುಳ್ಳು ಅಲುಗದೆ 12ರ ಬಳಿ ನಿಂತಿದ್ದರೆ ಸೋರಿಕೆಯನ್ನೋ ಹಿಂದುಳಿದ ಕಿಡಿಯ ಸಮಯವನ್ನೋ ಶಂಕಿಸಬಹುದು. ಮುಳ್ಳು ಲಯಬದ್ಧವಾಗಿ ಕುಟ್ಟುತ್ತಿದ್ದರೆ ಅದು ಬಹುಶಃ ವಾಲ್ವಿನ ದೂರು, ಹೋಸ್‌ನದಲ್ಲ.

ದುರಸ್ತಿಯಲ್ಲಿ ಕಾಣುವ ತಪ್ಪುಗಳು ಹೆಚ್ಚಾಗಿ ಅವಸರದವು. ಸೀಳಿದ ಹೋಸ್‌ಗೆ ಇನ್ಸುಲೇಷನ್ ಟೇಪ್ ಸುತ್ತಿದರೆ ಎಂಜಿನ್ನಿನ ಕಾವಿಗೆ ಅದರ ಅಂಟು ಕರಗಿ ಕೆಲವೇ ದಿನಗಳಲ್ಲಿ ಬಿಚ್ಚಿಕೊಳ್ಳುತ್ತದೆ; ಬಿರುಕು ತುದಿಯಲ್ಲಷ್ಟೇ ಇದ್ದು ಉಳಿದ ರಬ್ಬರ್ ಮೆತ್ತಗಿದ್ದರೆ ಅರ್ಧ ಅಂಗುಲ ಕತ್ತರಿಸಿ ಮತ್ತೆ ಸಿಕ್ಕಿಸುವುದು ಟೇಪಿಗಿಂತ ಎಷ್ಟೋ ಮೇಲು, ಹೊಸದು ಹಾಕುವುದು ಅದಕ್ಕಿಂತ ಮೇಲು. ಹಾಗೆ ಹೊಸದು ಹಾಕುವಾಗ ವಿಂಡ್‌ಸ್ಕ್ರೀನಿಗೆ ನೀರು ಚಿಮ್ಮಿಸುವ ತೆಳು ಕೊಳವೆಯನ್ನು ಹಾಕಿದರೆ ಅದು ಎಳೆತಕ್ಕೆ ಒಳಮುಖವಾಗಿ ಚಪ್ಪಟೆಯಾಗಿ ದಾರಿಯನ್ನೇ ಮುಚ್ಚುತ್ತದೆ. ವ್ಯಾಕ್ಯೂಮಿಗೆಂದೇ ತಯಾರಾದ ದಪ್ಪ ಗೋಡೆಯ ಹೋಸ್ ಬೇಕು, ಬೂಸ್ಟರಿಗಂತೂ ಆ ಗಾಡಿಯ ಮೂಲ ಭಾಗವನ್ನೇ ತರಿಸಬೇಕು, ಮತ್ತು ಏಕಮುಖ ಕವಾಟದ ಮೇಲಿನ ಬಾಣದ ಗುರುತು ಎಂಜಿನ್ನಿನ ಕಡೆ ತಿರುಗಿರಬೇಕು. ಪ್ಯಾಕಿಂಗ್ ಬದಲು ಸಿಲಿಕೋನ್ ಪೇಸ್ಟ್ ಮೆತ್ತುವುದು ಇನ್ನೊಂದು ರೂಢಿ. ಸಾಮಾನ್ಯ ಸಿಲಿಕೋನ್ ಪೆಟ್ರೋಲಿಗೆ ಊದಿ ಕಳಚುವುದರಿಂದ, ಕಾರ್ಬೊರೇಟರಿನ ಬುಡಕ್ಕೆ ಅದು ಸಲ್ಲದು. ಅಲ್ಲಿ ಹೊಸ ಪ್ಯಾಕಿಂಗ್ ಹಾಕಿದರೂ ಸೋರಿಕೆ ನಿಲ್ಲದಿದ್ದರೆ ಕಾರ್ಬೊರೇಟರಿನ ಅಡಿಯ ಅಂಚು ಸೊಟ್ಟಗಾಗಿರುವ ಸಾಧ್ಯತೆ ಇದೆ. ಹಿಂದೆ ಯಾರೋ ಸೋರಿಕೆ ನಿಲ್ಲಿಸಲೆಂದು ಎರಡು ಬದಿಯ ನಟ್ಟುಗಳನ್ನು ಬಲಮೀರಿ ಬಿಗಿದದ್ದೇ ಅದಕ್ಕೆ ಕಾರಣವಾಗಿರುತ್ತದೆ. ಉಕ್ಕಿನ ನೇರ ಪಟ್ಟಿಯನ್ನು ಅಂಚಿನ ಮೇಲಿಟ್ಟು ಬೆಳಕು ತೂರುತ್ತದೆಯೇ ಎಂದು ನೋಡಿ, ತೂರಿದರೆ ದಪ್ಪ ಗಾಜಿನ ಮೇಲೆ ನಯವಾದ ಎಮರಿ ಕಾಗದ ಹರಡಿ ಅಂಚನ್ನು ಸಮವಾಗುವವರೆಗೆ ಉಜ್ಜಬೇಕು, ಬಳಿಕ ತಣ್ಣಗಿನ ಎಂಜಿನ್ನಿನ ಮೇಲೆ ನಟ್ಟುಗಳನ್ನು ಕರ್ಣಾಕಾರದಲ್ಲಿ ಸ್ವಲ್ಪ ಸ್ವಲ್ಪವಾಗಿ ಬಿಗಿಯಬೇಕು. ಥ್ರಾಟಲ್ ತಟ್ಟೆಯ ಸರಳು ತಿರುಗುವ ರಂಧ್ರಗಳೇ ಸವೆದು ಅಗಲವಾಗಿದ್ದರೆ, ಅಂದರೆ ಸರಳನ್ನು ಹಿಡಿದು ಅಲುಗಿಸಿದಾಗ ಎಂಜಿನ್ನಿನ ಸದ್ದು ಬದಲಾದರೆ, ಯಾವ ಪ್ಯಾಕಿಂಗ್ ಹಾಕಿಯೂ ಫಲವಿಲ್ಲ; ಲೇತ್ ಇರುವಲ್ಲಿ ಹೊಸ ಬುಷ್ ಕೂರಿಸಬೇಕು ಅಥವಾ ಕಾರ್ಬೊರೇಟರ್ ಬದಲಿಸಬೇಕು. ಬದಲಿಸುವ ಮಾತು ಬರಬೇಕಾದುದು ಇಷ್ಟೆಲ್ಲ ಆದ ಮೇಲೆ.

ತೂತು ಮುಚ್ಚಿದ ಬಳಿಕ ಎಂಜಿನ್ ಪೂರ್ತಿ ಬಿಸಿಯಾಗಲು ಬಿಟ್ಟು, ಆಗ ಸ್ಕ್ರೂಗಳಿಗೆ ಕೈಹಾಕಬಹುದು: ಮಿಶ್ರಣದ ಸ್ಕ್ರೂವನ್ನು ಎಂಜಿನ್ ಅತ್ಯಂತ ನಯವಾಗಿ ತಿರುಗುವ ಜಾಗಕ್ಕೆ ತಂದು, ಐಡಲಿಂಗ್ ಸ್ಕ್ರೂವನ್ನು ಕೈಪಿಡಿಯ ಸುತ್ತಿಗೆ ಇಳಿಸಬೇಕು, ಮಾಲಿನ್ಯ ತಪಾಸಣೆಯ ಕೇಂದ್ರದಲ್ಲಿ ಅನಿಲದ ಅಳತೆ ಮಾಡಿಸಿಕೊಂಡೇ ಇದನ್ನು ಮುಗಿಸಿದರೆ ಊಹೆಗೆ ಎಡೆಯಿರುವುದಿಲ್ಲ. ಎಂಪಿಎಫ್‌ಐ ಗಾಡಿಯ ಕಂಪ್ಯೂಟರ್ ಹಳೆಯ ಸೋರಿಕೆಗೆ ಒಗ್ಗಿಕೊಂಡಿರುವುದರಿಂದ ಅದು ಮತ್ತೆ ಹದಕ್ಕೆ ಬರಲು ಕೆಲವು ದಿನಗಳ ಓಟ ಬೇಕಾಗಬಹುದು. ಘಾಟಿ ಇಳಿಯುವ ಮೊದಲು ಬೂಸ್ಟರಿನ ಪರೀಕ್ಷೆಯೊಂದು ಬಾಕಿ ಇರುತ್ತದೆ, ಅದಕ್ಕೆ ಉಪಕರಣವೇನೂ ಬೇಡ. ಎಂಜಿನ್ ಆರಿಸಿದ ಸ್ಥಿತಿಯಲ್ಲಿ ಪೆಡಲನ್ನು ಐದಾರು ಸಲ ಒತ್ತಿ ಗಟ್ಟಿಯಾಗಿಸಿ, ಒತ್ತಿಹಿಡಿದೇ ಎಂಜಿನ್ ಸ್ಟಾರ್ಟ್ ಮಾಡಿದರೆ ಪೆಡಲ್ ಕಾಲಿನಡಿಯಲ್ಲಿ ತುಸು ಕೆಳಗಿಳಿಯಬೇಕು. ಇಳಿಯದಿದ್ದರೆ ಬೂಸ್ಟರಿಗೆ ವ್ಯಾಕ್ಯೂಮ್ ತಲುಪುತ್ತಿಲ್ಲ. ಬಳಿಕ ಎಂಜಿನ್ ನಡೆಯುತ್ತಿರುವಾಗಲೇ ಪೆಡಲ್ ಒತ್ತಿ ಹಿಡಿದು, ಎಂಜಿನ್ ಆರಿಸಿ, ಅರ್ಧ ನಿಮಿಷ ಹಾಗೆಯೇ ಹಿಡಿದಿರಬೇಕು. ಆ ಅವಧಿಯಲ್ಲಿ ಪೆಡಲ್ ಮೇಲೇರಿ ಬಂದರೆ ಕವಾಟವೋ ಪೊರೆಯೋ ಸೋರುತ್ತಿದೆ, ಗಾಡಿ ಘಾಟಿ ಇಳಿಯುವ ಸ್ಥಿತಿಯಲ್ಲಿಲ್ಲ.